ನಾನು ಕಾಣದ ಬೆಳ್ತಂಗಡಿ

ಬಂಟ್ವಾಳ ಪೇಟೆಯಲ್ಲಿ ಬೆಳ್ತಂಗಡಿ ಬಸ್ಸು ಹತ್ತುವಾಗ ಸಣ್ಣಗೆ ಮಳೆ ಹನಿಯುತ್ತಿತ್ತು. ತೊಂಬತ್ತರ ದಶಕದ ಕೊನೆ. ಶುಭಕಾರ್ಯ ಮಾಡದ ಆಟಿ ತಿಂಗಳು ಮುಗಿದು ಮದುವೆ ಮಾತುಗಳು ಮತ್ತೆ ಶುರುವಾಗಿದ್ದವು. ಜೊತೆಗಿದ್ದವರು ನನ್ನ ತಂಗಿಯ ಗಂಡ ಮೋನಪ್ಪ ಭಾವ.

ಕೆಲಸ ಇಷ್ಟೇ. ಅವರ ಮಗಳು ಶಶಿಯನ್ನು ಕೇಳಿದ್ದ ಬೆಳ್ತಂಗಡಿಯ ಮನೆಗೆ ಹೋಗಿ, ಹುಡುಗಿ ಈಗ ಬೇಡ ಎನ್ನುತ್ತಾಳೆಂದು ಮರ್ಯಾದೆಯಿಂದ ತಿಳಿಸುವುದು. ಅಲ್ಲಿಂದ ವೇಣೂರು ದಾರಿಯಾಗಿ ಮೂಡುಬಿದಿರೆಗೆ ಹೋಗಿ, ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ ಅವಳಿಗೆ ವಿಷಯ ಹೇಳುವುದು. ಆಮೇಲೆ ಸಿದ್ಧಕಟ್ಟೆಯಾಗಿ ಮನೆಗೆ. ನಮ್ಮಲ್ಲಿ ಹುಡುಗಿಯ ಪರವಾಗಿ ಮಾತಾಡುವವನು ಸೋದರಮಾವ. ಅವನು ವೀಳ್ಯ ಕೊಟ್ಟರೆ ಸಂಬಂಧ ನಿಶ್ಚಯವಾದ ಹಾಗೆ. ತಂದೆಯೂ ಅಡ್ಡ ಬರುವುದಿಲ್ಲ.

ಹೆಂಡತಿ ತೀರಿಕೊಂಡ ಮೇಲೆ ನನಗೆ ನಿದ್ದೆ ಬರುತ್ತಿರಲಿಲ್ಲ. ಡಾಕ್ಟರು ಮಾತ್ರೆ ಕೊಟ್ಟಿದ್ದರು, ಮಲಗುವಾಗ ಅರ್ಧ ಮಾತ್ರ ಎಂದಿದ್ದರು. ಆ ದಿನ ಬಸ್ಸಿಗೆ ಮೊದಲು ಸ್ವಲ್ಪವಾದರೂ ಕಣ್ಣು ಮುಚ್ಚುವ ಎಂದು ಬೆಳಗಿನ ಜಾವ ಇಡೀ ಮಾತ್ರೆ ನುಂಗಿದೆ. ನಿದ್ದೆ ಬರಲಿಲ್ಲ. ಇನ್ನೊಂದು ನುಂಗಿದೆ. ಭಾವನಿಗೆ ಹೇಳಲಿಲ್ಲ.

ಪುಂಜಾಲಕಟ್ಟೆಯಲ್ಲಿ ಮಲ್ಲಿಗೆ ಮಾರುವ ಹೆಂಗಸೊಬ್ಬಳು ಬುಟ್ಟಿ ಹಿಡಿದು ಹತ್ತಿದಳು. ಬಸ್ಸೆಲ್ಲ ಪರಿಮಳ. ಅಲ್ಲಿಯವರೆಗೆ ನೆನಪುಂಟು.

ಆಮೇಲೆ ನನಗೆ ತಿಳಿದದ್ದು ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಹೋಟೆಲು. ಹೊರಗೆ ಚುರುಕು ಬಿಸಿಲು, ಎದುರಿಗೆ ಅರ್ಧ ಕುಡಿದ ಚಾ.

“ಭಾವ, ಇಲ್ಲಿಗೆ ಯಾಕೆ ಬಂದದ್ದು? ಮೊದಲು ಬೆಳ್ತಂಗಡಿಗೆ ಹೋಗುವ” ಎಂದೆ.

“ತಮಾಷೆ ಸಾಕು ಮಾರಾಯ್ರೆ. ಅವರ ಮನೆಯ ಕೋರಿರೊಟ್ಟಿ ಎರಡು ಸಲ ಹಾಕಿಸಿಕೊಂಡು ತಿಂದಿದ್ದೀರಿ.”

“ನಾನಾ?”

“ಅಲ್ಲ, ನಿಮ್ಮ ಅಜ್ಜ. ವೀಳ್ಯ ಕೊಟ್ಟದ್ದೂ ಅವರೇ ಇರ್ಬೇಕು.”

ನಾನು ನಕ್ಕೆ. ಭಾವ ನಗಲಿಲ್ಲ. ಜೇಬಿಗೆ ಕೈ ಹಾಕಿದರೆ ಬೆಳ್ತಂಗಡಿಯವರು ಬದಲಿಗೆ ಕೊಟ್ಟ ವೀಳ್ಯದೆಲೆ, ಅಡಿಕೆ. ಅಲ್ಲಿ ನಡೆದದ್ದನ್ನು ಭಾವ ಹೇಳಿದರು. ಹುಡುಗಿ ನನ್ನ ಹತ್ತಿರ ಬಾಯಿಬಿಟ್ಟು ಒಪ್ಪಿದ್ದಾಳೆ ಎಂದು ಹೇಳಿದೆನಂತೆ. ಒಂದು ಮಾತೂ ತೊದಲಲಿಲ್ಲವಂತೆ. ಅವಳು ನಿಜವಾಗಿ ಮನಸ್ಸು ಬದಲಾಯಿಸಿರಬೇಕೆಂದು ಭಾವ ಸುಮ್ಮನಿದ್ದರಂತೆ.

ಮಾತ್ರೆಯ ವಿಷಯ ಆಗ ಹೇಳಿದೆ. ಅವರು ಚಾದ ದುಡ್ಡು ಮೇಜಿನ ಮೇಲಿಟ್ಟು ಎದ್ದರು.

ಹಾಸ್ಟೆಲಿನ ಮೆಟ್ಟಿಲಿಳಿದು ಶಶಿ ನಗುತ್ತ ಬಂದಳು. “ಹೇಳಿ ಬಂದ್ರಾ ಮಾವ?”

ಭಾವನೇ ಎಲ್ಲ ವಿವರಿಸಿದರು. ಅವಳು ಅಳಲಿಲ್ಲ.

“ನಿಮಗೆ ನೆನಪಿಲ್ಲ, ಸರಿ” ಎಂದಳು. “ಅವರಿಗೆ ನೆನಪುಂಟಲ್ಲ ಮಾವ.”

ಸಿದ್ಧಕಟ್ಟೆಯ ಬಸ್ಸು ಬಿಟ್ಟು ಮತ್ತೆ ವೇಣೂರು ದಾರಿ ಹಿಡಿದೆವು. ಬೆಳ್ತಂಗಡಿಯ ಆ ಅಂಗಳಕ್ಕೆ ನನ್ನ ಮಟ್ಟಿಗೆ ಅದೇ ಮೊದಲ ಹೆಜ್ಜೆ. ಆದರೆ ಆ ಮನೆಯ ನಾಯಿ ಬೊಗಳಲಿಲ್ಲ. ಬಾಲ ಆಡಿಸುತ್ತ ನನ್ನ ಕಾಲಿಗೇ ಬಂತು. ಜಗಲಿಯ ಮೊಳೆಯಲ್ಲಿ ನನ್ನ ಕೊಡೆ ನೇತಾಡುತ್ತಿತ್ತು.

“ಕೊಡೆಗೋಸ್ಕರ ಇಷ್ಟು ದೂರ ಬಂದ್ರಾ?” ಎಂದು ಹುಡುಗನ ತಂದೆ ನಗುತ್ತ ಕುರ್ಚಿ ಎಳೆದರು.

ನಡೆದದ್ದನ್ನು ಹೇಳಿ ಮಾತ್ರೆಯ ಪಟ್ಟಿ ತೋರಿಸಿದೆ. ಅವರ ನಗು ನಿಂತಿತು.

“ಬೆಳಿಗ್ಗೆ ಮಾತಾಡಿದ್ದು ನೀವಲ್ಲ ಅಂತೀರಿ. ಈಗ ಮಾತಾಡುವುದು ನೀವೇ ಅಂತ ನಾನು ಹೇಗೆ ನಂಬುವುದು?”

ನಾನು ಜೇಬಿನಿಂದ ಅವರ ವೀಳ್ಯ ಹೊರಗೆ ತೆಗೆದೆ. ನನ್ನೆದುರು ಎಂದೂ ಸ್ವರ ಎತ್ತದ ಭಾವ ನನ್ನ ಕೈಯಿಂದ ವೀಳ್ಯ ತೆಗೆದು ಅವರ ಹರಿವಾಣದಲ್ಲಿಟ್ಟರು. “ಹುಡುಗಿಗೆ ಮನಸ್ಸಿಲ್ಲ. ತಂದೆ ನಾನು, ಹೇಳ್ತಾ ಇದ್ದೇನೆ.”

ಹುಡುಗನ ತಂದೆ ಹರಿವಾಣ ಒಳಗೆ ತೆಗೆದುಕೊಂಡು ಹೋದರು. ನಾವು ಅಂಗಳ ಇಳಿಯುವವರೆಗೂ ಹೊರಗೆ ಬರಲಿಲ್ಲ. ಕೊಡೆ ಮೊಳೆಯಲ್ಲೇ ಉಳಿಯಿತು.

ಒಂದು ಮಾತು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಆ ಸಂಬಂಧ ನನಗೆ ಮೊದಲೇ ಮನಸ್ಸಿಗೆ ಬಂದಿತ್ತು. ಮಾತ್ರೆ ನನ್ನಲ್ಲಿ ಇಲ್ಲದ್ದನ್ನು ಆಡಿಸಿತೋ, ಒಳಗಿದ್ದದ್ದನ್ನೇ ಹೊರಗೆ ಹಾಕಿತೋ, ಈಗಲೂ ತಿಳಿಯದು. ಶಶಿ ಓದು ಮುಗಿಸಿ ಮದುವೆಯಾದಳು. ವೀಳ್ಯ ಕೊಟ್ಟದ್ದು ಅವಳ ಅಪ್ಪ. ನನ್ನನ್ನು ಎದುರು ಸಾಲಿನಲ್ಲಿ ಕೂರಿಸಿದ್ದರು.

ಆ ಸಂಜೆ ಬಂಟ್ವಾಳದ ಬಸ್ಸು ಹೊರಟಾಗ ಹಿಂದೆ ನೋಡಿದೆ. ಮಳೆ ಮತ್ತೆ ಹಿಡಿದಿತ್ತು. ಹುಡುಗನ ತಂದೆ ರಸ್ತೆಯ ಬದಿಗೆ ಬಂದು, ನನ್ನ ಕೊಡೆಯನ್ನು ಬಿಡಿಸದೆ ಕೈಯಲ್ಲಿ ಹಿಡಿದು, ನೆನೆಯುತ್ತ ನಿಂತಿದ್ದರು. ಇಳಿದು ತೆಗೆದುಕೊಳ್ಳುವ ಮುಖ ನನಗಿರಲಿಲ್ಲ.