ಸಾಹೇಬನಿಗೆ ಕೊಟ್ಟ ಕಂಬಳಿ

ಐರಣಿಯಲ್ಲಿ ನಮ್ಮ ಮನೆ ಎಲ್ಲಿದೆ ಎಂದು ಯಾರನ್ನು ಕೇಳಿದರೂ ‘ಸಾಹೇಬನ ಕಂಬಳಿಯವರ ಮನೀನ?’ ಎಂದು ತಿರುಗಿ ಕೇಳುತ್ತಿದ್ದರು. ಆ ಅಡ್ಡಹೆಸರಿಗೊಂದು ಕತೆಯಿತ್ತು, ಅದನ್ನು ಹೇಳುವ ಹಕ್ಕು ನಮ್ಮಪ್ಪನದು. ಮದುವೆಯಿರಲಿ, ಹೆಣ್ಣು ನೋಡುವ ಶಾಸ್ತ್ರವಿರಲಿ, ಊಟವಾಗಿ ಎಲೆ ಅಡಿಕೆ ಕೈಗೆ ಬಂತೆಂದರೆ ಯಾರಾದರೂ ಅಪ್ಪನನ್ನು ಕೆಣಕುತ್ತಿದ್ದರು. ಅವನು ಬೇಡ ಬೇಡ ಎನ್ನುತ್ತಲೇ ಶುರು ಮಾಡುತ್ತಿದ್ದ.

ಬ್ರಿಟಿಷರ ಕಾಲ. ದೊಡ್ಡ ಸಾಹೇಬನೊಬ್ಬ ನಮ್ಮೂರ ಹೊಳೆದಂಡೆಯಲ್ಲಿ ಡೇರೆ ಹೊಡೆದಿದ್ದ. ಅವನಿಗೆ ಚಳಿಜ್ವರ ಹತ್ತಿತು. ತನ್ನ ದೇಶದ ರಗ್ಗುಗಳನ್ನೆಲ್ಲ ಹೊದ್ದರೂ ನಡುಕ ನಿಲ್ಲಲಿಲ್ಲ. ಆಗ ನಮ್ಮ ಮುತ್ತಜ್ಜ, ಎಂದರೆ ಅಪ್ಪನ ಅಜ್ಜನ ಅಪ್ಪ, ಆಗತಾನೆ ಮಗ್ಗದಿಂದ ಇಳಿಸಿದ್ದ ಕರಿ ಕಂಬಳಿಯನ್ನು ಹೆಗಲ ಮೇಲೆ ಹಾಕಿಕೊಂಡು ಹೋಗಿ, ಪಹರೆಯವರನ್ನು ದಾಟಿ, ಸಾಹೇಬನ ಮೈಮೇಲೆ ಹೊದಿಸಿ ಬಂದ. ಬೆಳಗಾಗುವುದರಲ್ಲಿ ಜ್ವರ ಇಳಿಯಿತು. ಸಾಹೇಬ ಬೆಳ್ಳಿ ರೂಪಾಯಿ ಕೊಡಲು ಬಂದರೆ ಮುತ್ತಜ್ಜ ಕೈ ಚಾಚಲಿಲ್ಲ. ‘ಕೊಟ್ಟೇನಿ, ಮಾರಿಲ್ಲ’ ಎಂದನಂತೆ. ಈ ಮಾತು ಬರುವಾಗ ಕೂತವರೆಲ್ಲ ಅಪ್ಪನ ಜೊತೆ ದನಿಗೂಡಿಸುತ್ತಿದ್ದರು.

ನಾನು ಐದನೇ ಇಯತ್ತೆಗೆ ಶಾಲೆ ಬಿಟ್ಟು, ಕಾಲು ಇಳಿಬಿಟ್ಟು ನೇಯುವ ಮಗ್ಗದ ಕುಣಿಗೆ ಇಳಿದವನು. ಓದಲಿಲ್ಲವೆಂದು ಯಾರ ಮುಂದೆಯೂ ತಲೆ ತಗ್ಗಿಸಿದ್ದಿಲ್ಲ. ನನ್ನ ಬಟ್ಟೆಯ ಬಗ್ಗೆಯೋ ಮಾತಿನ ಬಗ್ಗೆಯೋ ಯಾರಾದರೂ ನಕ್ಕರೆ, ಬೆಳ್ಳಿಯನ್ನು ಬೇಡವೆಂದವನ ವಂಶದವನು ನಾನು ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೆ. ಕಂಬಳಿ ಕೊಳ್ಳುವವರು ಕಡಿಮೆಯಾಗಿ ಮಿಲ್ಲಿನ ಚಾದರ ಬಂದ ಮೇಲೂ ಆ ಕತೆ ನಮ್ಮನ್ನು ನೆಟ್ಟಗೆ ನಿಲ್ಲಿಸಿತ್ತು.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿರಬೇಕು. ಧಾರವಾಡದಿಂದ ಒಬ್ಬ ಹೆಣ್ಣುಮಗಳು ನಮ್ಮ ಮನೆ ಹುಡುಕಿಕೊಂಡು ಬಂದಳು. ನನ್ನ ತಂಗಿಯ ವಯಸ್ಸಿನವಳು. ಹೆಗಲಿಗೆ ಚೀಲ, ಚೀಲದಲ್ಲಿ ಒಂದು ಟೇಪ್ ರೆಕಾರ್ಡರ್, ದಪ್ಪನೆಯ ಫೈಲು. ಪರದೇಶದ ಮ್ಯೂಸಿಯಂ ಒಂದರಲ್ಲಿ ನಮ್ಮ ಸೀಮೆಯ ಸಾಮಾನುಗಳ ಒಂದು ಕೋಣೆಯೇ ಇದೆಯಂತೆ. ಎಲ್ಲವನ್ನೂ ಕೂಡಿಸಿ ಕೊಟ್ಟವನು ಒಬ್ಬನೇ ಸಾಹೇಬ. ಆ ಸಂಗ್ರಹವನ್ನು ಪರೀಕ್ಷಿಸುವುದೇ ಅವಳ ಓದಿನ ವಿಷಯ. ಯಾವುದನ್ನು ಅವನು ಕೊಂಡ, ಯಾವುದು ಕಾಣಿಕೆಯಾಗಿ ಬಂತು, ಯಾವುದನ್ನು ಸುಮ್ಮನೆ ಎತ್ತಿಕೊಂಡು ಹೋದ, ಇದನ್ನು ಊರೂರು ತಿರುಗಿ ತಿಳಿಯಬೇಕಾಗಿತ್ತು.

ಫೈಲಿನ ಚಿತ್ರಗಳನ್ನು ಚಾಪೆಯ ಮೇಲೆ ಹರಡಿದಳು. ಕುರಿ ಉಣ್ಣೆ ಕತ್ತರಿಸುವ ಕತ್ತರಿ, ಎತ್ತಿನ ಕೊರಳ ಗಂಟೆ, ಕೂಸಿನ ಕುಂಚಿಗೆ, ಸವೆದ ಲಾಳಿ. ಸಾಹೇಬ ಒಂದೊಂದರ ಬಗ್ಗೆಯೂ ಬರೆದಿಟ್ಟಿದ್ದನ್ನು ಅವಳು ಓದಿ ಹೇಳಿದಳು. ಉಣ್ಣೆ ಯಾವ ಕುರಿಯದು, ಮಗ್ಗದ ಹಾಸುನೂಲಿಗೆ ಹುಣಸೆ ಬೀಜದ ಗಂಜಿಯನ್ನು ಹೇಗೆ ಬಳಿಯುತ್ತಾರೆ, ಎಲ್ಲವೂ ಸರಿಯಾಗಿತ್ತು. ನನಗೆ ಅವನ ಮೇಲೆ ಗೌರವವೇ ಹುಟ್ಟಿತು. ದುಡಿಮೆಯನ್ನು ಇಷ್ಟು ಹತ್ತಿರದಿಂದ ನೋಡಿದವನು ಕೆಟ್ಟವನಿರಲಿಕ್ಕಿಲ್ಲ ಎಂದುಕೊಂಡೆ. ಊರ ಹೆಸರಿತ್ತು, ಜಾತಿಯ ಹೆಸರಿತ್ತು. ಮಾಡಿದವರ ಹೆಸರು ಮಾತ್ರ ಒಂದಕ್ಕೂ ಇರಲಿಲ್ಲ. ಅದು ಆಗ ನನಗೆ ಕೊರತೆಯೆನಿಸಲಿಲ್ಲ, ಅವಳೇ ತೋರಿಸಿಕೊಟ್ಟಳು.

ಒಂದು ಹಾಳೆಯಲ್ಲಿ ಕಂಬಳಿಯಿತ್ತು. ಝೆರಾಕ್ಸ್ ಮಾಡಿದ ಚಿತ್ರ, ಅಂಗೈಯಷ್ಟು, ಮಸಿ ಚೆಲ್ಲಿದ ಹಾಗೆ. ಅಪ್ಪನಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಹಾಳೆಯನ್ನು ಕೈಯಲ್ಲಿ ಹಿಡಿದು ಮೂಗಿನ ಹತ್ತಿರ ಒಯ್ದ, ಕಾಣಲಿಲ್ಲ.

“ಅಂಚಿಗೆ ಕೆಂಪು ಎಳಿ ಎರಡು, ನಡುವ ಬಿಳೇದೊಂದು ಐತೇನು, ನೋಡಿ ಹೇಳು ತಂಗಿ,” ಎಂದ.

ಅವಳು ಸಾಹೇಬನ ಬರಹವನ್ನು ನೋಡಿ ಹೌದೆಂದಳು. ಅದು ನಮ್ಮ ಮನೆತನದ ಗುರುತು. ಬೇರೆ ಯಾವ ಮಗ್ಗದವರೂ ಆ ಮೂರು ಎಳೆ ಹಾಕುವುದಿಲ್ಲ. ಅಪ್ಪ ನಕ್ಕ, ನಗುತ್ತಲೇ ಧೋತರದ ತುದಿಯಿಂದ ಮುಖ ಒರೆಸಿಕೊಂಡ. ಅವತ್ತು ಟೇಪಿನ ಮುಂದೆ ಹೇಳಿದ ಹಾಗೆ ಅವನು ಆ ಕತೆಯನ್ನು ಹಿಂದೆಂದೂ ಹೇಳಿರಲಿಲ್ಲ. ಆ ಕೋಣೆಯ ಸಾಮಾನುಗಳಲ್ಲಿ ಕೊಟ್ಟವರೇ ಬಾಯಿಬಿಟ್ಟು ‘ಕೊಟ್ಟೆವು’ ಎಂದದ್ದು ಇದೊಂದೇ ಎಂದು ಅವಳಿಗೂ ಸಂತೋಷವಾಯಿತು. ಇದು ಕಾಣಿಕೆಯೆಂದು ಮ್ಯೂಸಿಯಂನವರಿಗೆ ಬರೆದು, ಬಣ್ಣದ ಫೋಟೋ ತರಿಸುತ್ತೇನೆ ಎಂದಳು.

“ಸಾಯೂದ್ರಾಗ ಒಮ್ಮೆ ಕಣ್ಣಾರೆ ನೋಡಬೇಕವ್ವಾ. ಮತ್ತೇನೂ ಬ್ಯಾಡ,” ಎಂದ ಅಪ್ಪ.

ಕಣ್ಣಿನ ಆಪರೇಶನ್ ಎಂದರೆ ಅಷ್ಟು ದಿನ ಹಟ ಹಿಡಿದು ಒಲ್ಲೆನೆಂದಿದ್ದವನು ಈಗ ತಾನೇ ಒಪ್ಪಿದ. ಅದರ ಖರ್ಚಿಗೆಂದು ಆ ಹಂಗಾಮಿನಲ್ಲಿ ನಾನು ಮಗ್ಗವನ್ನು ಹೆಂಡತಿಗೆ ಬಿಟ್ಟು ಬ್ಯಾಡಗಿಗೆ ಹೋಗಿ ಮೆಣಸಿನಕಾಯಿ ಚೀಲ ಹೊತ್ತೆ. ಘಾಟಿಗೆ ಮೂಗು, ಕಣ್ಣು, ಗಂಟಲು ಎಲ್ಲ ಉರಿಯುತ್ತಿದ್ದವು. ಬೆನ್ನಿಗೆ ಮಾತ್ರ ಏನೂ ಅನಿಸುತ್ತಿರಲಿಲ್ಲ. ಚಹಾದ ಹೊತ್ತಿಗೆ ಹಮಾಲರ ಮುಂದೆ ನಮ್ಮ ಕಂಬಳಿ ಪರದೇಶದ ಗಾಜಿನ ಮನೆಯಲ್ಲಿದೆ ಎಂದು ಹೇಳಿಕೊಂಡೆ. ಅವರಲ್ಲೊಬ್ಬ ಹಿರಿಯ, “ನಿನ್ನೂ ಅಲ್ಲೇ ಒಯ್ದು ಇಡಬೇಕ್ಲೇ, ಹೆಗಲ ಮ್ಯಾಲೆ ಚೀಲ ಹೊರಿಸಿ ನಿಲ್ಲಿಸಿ. ಮಂದಿ ತಿಕೀಟು ತಗದು ನೋಡ್ತಾರ,” ಎಂದ. ಎಲ್ಲರಿಗಿಂತ ಹೆಚ್ಚು ನಕ್ಕವನು ನಾನೇ.

ಹಾವೇರಿಯ ದವಾಖಾನೆಯಲ್ಲಿ ಅಪ್ಪನ ಒಂದು ಕಣ್ಣಿಗೆ ಆಪರೇಶನ್ ಆಯಿತು. ಅದೇ ಹೊತ್ತಿಗೆ ಧಾರವಾಡದಿಂದ ಬಣ್ಣದ ಫೋಟೋ ಬಂತು. ಕಂಬಳಿಯನ್ನು ಗೋಡೆಗೆ ಉದ್ದಕ್ಕೆ ತೂಗುಹಾಕಿ ಬೆಳಕು ಬಿಟ್ಟು ತೆಗೆದದ್ದು. ನಾನು ರಾಣೆಬೆನ್ನೂರಿನ ಸ್ಟುಡಿಯೋಕ್ಕೆ ಒಯ್ದು ಕಿಟಕಿಯಷ್ಟು ದೊಡ್ಡದು ಮಾಡಿಸಿದೆ. ಕಂಬಳಿಯ ಕೆಳಗಿನ ಒಂದು ಮೂಲೆ ಇರಲಿಲ್ಲ. ಇಲಿ ಕಡಿದಿರಬೇಕೆಂದು ನಾನೂ ಸ್ಟುಡಿಯೋದವನೂ ಮಾತಾಡಿಕೊಂಡೆವು. ಬೇಕಾದರೆ ಕಂಪ್ಯೂಟರಿನಲ್ಲಿ ತುಂಬಿಸಿಕೊಡುತ್ತೇನೆ ಎಂದ ಅವನು. ಸಾಹೇಬ ಹೊದ್ದ ಕಂಬಳಿ, ಇದ್ದ ಹಾಗೇ ಇರಲಿ ಎಂದು ಗಾಜು ಕಟ್ಟು ಹಾಕಿಸಿಕೊಂಡು, ಬಸ್ಸಿನಲ್ಲಿ ಮಡಿಲ ಮೇಲೆ ಕೂಸಿನಂತೆ ಇಟ್ಟುಕೊಂಡು ಬಂದೆ.

ಕರ್ಜಗಿಯಿಂದ ತಂಗಿ, ಅವಳ ಗಂಡ ಬಂದರು. ಓಣಿಯವರೂ ಬಂದರು. ನನ್ನ ಹೆಂಡತಿ ಎಲ್ಲರಿಗೂ ಮಂಡಕ್ಕಿ ಒಗ್ಗರಣೆ ಹಾಕಿದಳು. ಅಪ್ಪ ದವಾಖಾನೆಯವರು ಕೊಟ್ಟ ಕರಿ ಕನ್ನಡಕವನ್ನು ತೆಗೆದು, ಗೋಡೆಯ ಮೇಲಿನ ಫೋಟೋದ ಮುಂದೆ ನಿಂತ. ಬೆರಳು ಗಾಜಿನ ಮೇಲೆ ಅಂಚನ್ನು ಹಿಡಿದು ನಡೆಯಿತು. ಕೆಂಪು, ಬಿಳಿ, ಕೆಂಪು. ಅವನ ಮುಖ ಅರಳಿದ್ದನ್ನು ನಾನು ನೋಡಿದೆ. ಬೆರಳು ಕೆಳಗಿಳಿಯಿತು, ಇಲ್ಲದ ಮೂಲೆಯ ಹತ್ತಿರ ನಿಂತಿತು. ಅಲ್ಲೇ ಬಹಳ ಹೊತ್ತು ಉಳಿಯಿತು.

ಅಳಿಯ ಎಂದಿನಂತೆ, “ಮಾವಾರ, ಇನ್ನ ಕತಿ ಹೇಳ್ರಿ,” ಎಂದ.

ಕಣ್ಣಿಂದ ನೀರು ಸೋರುತ್ತಿದೆ, ಇನ್ನೊಮ್ಮೆ ಹೇಳುತ್ತೇನೆ ಎಂದು ಅಪ್ಪ ಒಳಗೆ ಹೋಗಿ ಕೂತ. ಆಪರೇಶನ್ನಿನ ಕಣ್ಣು, ಆಯಾಸವಾಗಿದೆ ಎಂದು ನಾವೆಲ್ಲ ತಿಳಿದೆವು.

ಮರುದಿನ ಬೆಳಿಗ್ಗೆ ನಾನು ಮಗ್ಗದ ಕುಣಿಗೆ ಇಳಿಯುತ್ತಿದ್ದಾಗ ಹತ್ತಿರ ಬಂದು ನಿಂತ.

“ಅದನ್ನ ಗ್ವಾಡಿ ಮ್ಯಾಗಿಂದ ಇಳಸು.”

“ಯಾಕಪ್ಪಾ?”

“ಸತ್ತಾವ್ರ ಕಂಬಳಿನ ಜೀವ ಇದ್ದಾವ್ರ ಮನ್ಯಾಗ ತೂಗ ಹಾಕಬಾರ್ದು.”

ಹಿಂದಿನ ದಿನ ಅವನ ಬೆರಳು ನಿಂತ ಜಾಗ ನೆನಪಾಗಿ, ಆ ಮೂಲೆಯನ್ನು ಇಲಿ ಕಡಿದದ್ದು ಎಂದೆ.

“ಇಲಿ ಕಡದ್ರ ಗಂಟು ಹಾಕತೈತೇನೋ? ಹತ್ತಿರ ಹೋಗಿ ನೋಡು.”

ಹೋಗಿ ನೋಡಿದೆ. ಹರಿದ ಕಡೆ ಎಳೆಗಳನ್ನು ಕೂಡಿಸಿ ಬಿಗಿಯಾಗಿ ಒಂದು ಗಂಟು ಹಾಕಿತ್ತು. ಕೈಯ ಕೆಲಸ. ಎಷ್ಟು ಸಲ ನೋಡಿದ್ದರೂ ನನಗೆ ಅದು ಕಂಡಿರಲಿಲ್ಲ.

ಆಗ ಅಪ್ಪ ನನಗೆ ಗೊತ್ತೇ ಇರದ ಸಂಗತಿ ಹೇಳಿದ. ನಮ್ಮ ಮನೆತನದಲ್ಲಿ ಗಂಡಸು ತೀರಿಕೊಂಡರೆ ಅವನದೇ ಮಗ್ಗದ ಕಂಬಳಿಯನ್ನು ಹೊದಿಸುತ್ತಿದ್ದರು. ಮಣ್ಣಿಗೆ ಒಯ್ಯುವ ಮುಂಚೆ ಹಿರಿಮಗ ಅದರ ಒಂದು ಮೂಲೆ ಹರಿದು ಕೈಗೆ ಕಟ್ಟಿಕೊಳ್ಳಬೇಕು, ದಿನಕರ್ಮದಂದು ಅದನ್ನು ಹೊಳೆಗೆ ಬಿಡಬೇಕು. ಹೆಣ್ಣುಮಕ್ಕಳು ಕಂಬಳಿಯ ಹರಿದ ಎಳೆಗೆ ಗಂಟು ಹಾಕುತ್ತಿದ್ದರು. ಕಂಬಳಿ ಗುಂಡಿಯ ಮೇಲಿನ ಹಸಿಮಣ್ಣಿಗೆ ಹೊದಿಕೆಯಾಗಿ, ಹಾಲು ಎರೆಯುವ ದಿನದವರೆಗೆ ಅಲ್ಲೇ ಇರುತ್ತಿತ್ತು. ನಮ್ಮಜ್ಜ ಹೋದಾಗ ನಾನು ಚಿಕ್ಕವನು. ಅವನ ನಂತರ ಹೋದವರಿಗೆಲ್ಲ ಪೇಟೆಯ ಬಿಳಿ ಬಟ್ಟೆಯೇ ಆಯಿತು. ಹೀಗಾಗಿ ನಾನು ಮೂಲೆ ಹರಿದದ್ದನ್ನು ನೋಡಿದ್ದೇ ಇಲ್ಲ.

“ಹಾಲು ಎರ್ಯಾಕ ಹೋದಾಗ ಕಂಬಳಿ ಇರದಿದ್ರ?” ಎಂದು ಕೇಳಿದೆ.

“ಸತ್ತಾವ ಬತ್ತಲೆ ಹೋದಂಗ. ಮನಿಗೆ ಮನೀನ ಊರಾಗ ಮಾರಿ ಎತ್ತೂ ಹಂಗಿಲ್ಲ.”

ಮುಂದಿನದನ್ನು ಅವನು ಬಿಡಿಸಿ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಹೊಳೆದಂಡೆಯಲ್ಲಿ ಸಾಹೇಬನ ಡೇರೆ. ಅವನಿಗೆ ನಮ್ಮ ಸೀಮೆಯ ವಸ್ತುಗಳ ಹುಚ್ಚು. ಅವನೋ ಅವನ ಆಳೋ ಹೊಸ ಗುಂಡಿಯ ಮೇಲಿನ ಚೆಂದದ ಕಂಬಳಿ ಕಂಡಿರಬೇಕು. ಹಾಲು ಎರೆಯಲು ಹೋದವರು ಬರಿ ಮಣ್ಣು ನೋಡಿ ತಿರುಗಿ ಬಂದಿರಬೇಕು. ಸಾಹೇಬನನ್ನು ಕೇಳಲು ಹೋಗುವ ಧೈರ್ಯ ಯಾರಿಗಿತ್ತು? ಕಂಬಳಿ ಎಲ್ಲಿ ಎಂದು ಕೇಳಿದ ಊರವರಿಗೆ, ನಮ್ಮ ಮನೆಯ ಯಾವಳೋ ಗಟ್ಟಿ ಹೆಣ್ಣುಮಗಳು ಸಾಹೇಬನಿಗೆ ಕೊಟ್ಟೆವೆಂದು ಹೇಳಿರಬೇಕು. ಹಾಗೆಂದುಕೊಂಡಷ್ಟೂ, ಬೆಳ್ಳಿ ಬೇಡವೆಂದ ನಮ್ಮ ಮುತ್ತಜ್ಜ ಕತೆಯಿಂದ ಎದ್ದು ಹೋಗಿ ಆ ಮಣ್ಣಿನ ಕೆಳಗೆ ಮಲಗಿದ.

ಫೋಟೋವನ್ನು ಇಳಿಸಿ ಕಂಬಳಿಗಳ ಜೊತೆ ಅಟ್ಟದ ಮೇಲೆ ಮಲಗಿಸಿಟ್ಟೆ. ಗೋಡೆಯಲ್ಲಿ ಮೊಳೆ ಉಳಿಯಿತು. ಕೆಲವು ದಿನ ಅಪ್ಪ ಸರಿಯಾಗಿ ಉಣ್ಣಲಿಲ್ಲ. ಕಣ್ಣು ಬಂದವನು ಹೊರಗೆ ಹೋಗಿ ಕಟ್ಟೆಗೆ ಕೂರಬಹುದಿತ್ತು, ಹೋಗಲಿಲ್ಲ. ಆಮೇಲೆ ಒಂದು ದಿನ ಧಾರವಾಡದ ಹುಡುಗಿಗೆ ಫೋನು ಮಾಡು, ಟೇಪು ತಗೊಂಡು ಬರಲಿ ಎಂದ.

ನಾನು ಒಪ್ಪಲಿಲ್ಲ. ಅವನೊಂದಿಗೆ ಹಾಗೆ ಜಗಳಾಡಿದ್ದು ಅದೊಂದೇ ಸಲ. ಯಾರಿಗೆ ಗೊತ್ತಾಗುತ್ತದೆ, ನಮ್ಮಿಬ್ಬರಲ್ಲೇ ಇರಲಿ, ಇರುವ ಒಂದು ಹೆಸರನ್ನು ನೀನೇ ಯಾಕೆ ಅಳಿಸುತ್ತೀ ಎಂದು ಕೂಗಾಡಿದೆ. ನನ್ನ ಹೆಂಡತಿ ನೂಲುವುದನ್ನು ಬಿಟ್ಟು ಬಾಗಿಲಿಗೆ ಬಂದು ನಿಂತಳು. ನಾನು ಬ್ಯಾಡಗಿಯಲ್ಲಿ ಯಾರ ಮುಂದೆ ಏನೇನು ಹೇಳಿಕೊಂಡಿದ್ದೆನೋ ಅದೆಲ್ಲ ಆಗ ನೆನಪಿಗೆ ಬರುತ್ತಿತ್ತು.

“ಅಲ್ಲಿ ಕೊಟ್ಟಾರ ಅಂತ ಬರದಾರ,” ಎಂದ ಅಪ್ಪ. “ಕಳುವಾದ ಕಂಬಳಿಗೆ ನಾನ ರಸೀದಿ ಬರಕೊಟ್ಟಂಗ ಆಗೇತಿ. ಅಂವ ಅಲ್ಲಿ ಇನ್ನೂ ಚಳ್ಯಾಗ ಮಲಗ್ಯಾನ. ನನ್ನ ಮಾತು ಚೆಂದ ಇರಲಿ ಅಂತ ಹಂಗ ಬಿಡ್ಲೇನು?”

ನಾನು ಎಸ್‌ಟಿಡಿ ಅಂಗಡಿಗೆ ಹೋಗಿ ಫೋನು ಮಾಡಿದೆ.

ಅವಳು ಬಂದಳು. ಮೊದಲು ಬಂದಾಗಿನಂತೆ ಚಾಪೆ ಹಾಸಿದೆವು, ಹೆಂಡತಿ ಮಜ್ಜಿಗೆ ತಂದಿಟ್ಟಳು. ಅಪ್ಪ ಹೇಳಿದ್ದನ್ನೆಲ್ಲ ಅವಳು ಟೇಪು ಹಾಕಿ ಕೇಳಿಸಿಕೊಂಡಳು. ಮೂಲೆ ಹರಿಯುವ ಪದ್ಧತಿ, ಗಂಟು, ಹಸಿಮಣ್ಣಿನ ಮೇಲಿನ ಹೊದಿಕೆ. ಕತೆ ಹೇಳುವಾಗ ಏರುತ್ತಿದ್ದ ದನಿ ಅವತ್ತು ಏರಲಿಲ್ಲ. ತಾನು ಹಿಂದೆ ಹೇಳಿದ್ದು ಸುಳ್ಳೆಂದು ತಿಳಿಯದೆ ಹೇಳಿದ್ದು, ಅದನ್ನು ತೆಗೆದುಹಾಕಬೇಕು ಎಂದ. ಆ ಕಂಬಳಿಯನ್ನು ಗೋಡೆಗೆ ತೂಗುಹಾಕಬಾರದು, ಮಡಚಿ ಮಲಗಿಸಿ ಇಡಬೇಕು, ಮೇಲೆ ಬೆಳಕು ಬಿಡಬಾರದು ಎಂದು ಅಲ್ಲಿಯವರಿಗೆ ಹೇಳಲು ಕೇಳಿಕೊಂಡ. ವಾಪಸು ಕೊಡಿ ಎಂದು ಕೇಳಲಿಲ್ಲ. ಬಂದರೆ ಯಾವ ಗುಂಡಿಯ ಮೇಲೆ ಹೊದಿಸುವುದು? ಆ ಜಾಗ ಹೊಳೆ ಸರಿದು ಎಂದೋ ಹೋಗಿದೆ.

ಎಲ್ಲ ಬರೆಯುತ್ತೇನೆ, ಅವರು ಒಪ್ಪುವರೋ ಇಲ್ಲವೋ ನನ್ನ ಕೈಯಲ್ಲಿಲ್ಲ ಎಂದು ಅವಳು ಮುಚ್ಚುಮರೆಯಿಲ್ಲದೆ ಹೇಳಿದಳು. ಅವಳ ಕಣ್ಣುಗಳು ಒದ್ದೆಯಾಗಿದ್ದವು. ಆಮೇಲೆ ಕೇಳಿದಳು:

“ಅಜ್ಜಾರ, ಆ ಹಿರ್ಯಾರ ಹೆಸರು ಏನಿತ್ರಿ? ಹೆಸರು ಹೇಳಿದ್ರ ಕಂಬಳಿ ಜೋಡಿ ಅದನ್ನೂ ಬರಸಾಕ ಕೇಳ್ತೀನಿ.”

ಅಪ್ಪ ಬಾಯಿ ತೆರೆದ. ಹಿರಿಯರ ಹಬ್ಬದಂದು ಎಡೆ ಇಡುವಾಗ ಹೇಳುವ ಕ್ರಮದಲ್ಲಿ ತನ್ನ ಅಪ್ಪನ ಹೆಸರು ಹೇಳಿದ, ಅಜ್ಜನ ಹೆಸರು ಹೇಳಿದ. ಅಲ್ಲಿ ನಿಂತ. ನನ್ನ ಕಡೆ ನೋಡಿದ. ನನಗೇನು ಗೊತ್ತು, ನಾನು ಅವನಿಂದ ಕೇಳಿದವನು. ಅವನು ನೆಲ ನೋಡಿದ, ಮೊಳೆಯಿದ್ದ ಗೋಡೆ ನೋಡಿದ. ಟೇಪಿನ ಚಕ್ರ ಸಣ್ಣಗೆ ಸದ್ದು ಮಾಡುತ್ತ ತಿರುಗುತ್ತಿತ್ತು.

“ನಾ ಕೇಳಲೇ ಇಲ್ಲ ತಂಗಿ,” ಎಂದ. “ಕತಿ ಚಲೋ ಇತ್ತು. ಹೆಸರು ಬೇಕು ಅಂತ ಅನಸಲೇ ಇಲ್ಲ.”

ಅವಳು ಟೇಪು ನಿಲ್ಲಿಸಲು ಕೈ ಚಾಚಿದಳು. ಅಪ್ಪ ಇನ್ನೂ ನೆನಪು ಮಾಡಿಕೊಳ್ಳುತ್ತಿದ್ದುದನ್ನು ನೋಡಿ ಕೈ ಹಿಂದಕ್ಕೆ ತೆಗೆದುಕೊಂಡಳು.