ವಾರ್ಡಿಗೆ ಅಂಕ ಕೊಟ್ಟ ಮಧ್ಯಾಹ್ನ

ಪುಟ್ಟೀ, ಚಿನ್ನೂ, ಕಾಲು ಮುರಿದುಕೊಂಡು ನಾನು ಕೆ.ಜಿ.ಎಫ್.ನ ಆಸ್ಪತ್ರೆಯಲ್ಲಿದ್ದಾಗ ನೀವು ನೋಡಲು ಬಂದು, "ಚೆನ್ನಾಗಿ ನೋಡ್ಕೋತಾರಾ ಅಜ್ಜಿ?" ಎಂದು ಕೇಳಿದಿರಿ. ಹೂಂ ಎಂದೆ. ಮಾರನೆಯ ದಿನ ನಡೆದದ್ದನ್ನು ಎದುರಿಗೆ ಹೇಳಲು ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ.

ಮಧ್ಯಾಹ್ನದ ಮೇಲೆ ನಮ್ಮ ವಾರ್ಡಿನಲ್ಲಿ ಆಯಾ ಇರುತ್ತಿರಲಿಲ್ಲ. ಮೂತ್ರಕ್ಕೆ ಮಂಚದಲ್ಲೇ ಪ್ಯಾನ್ ಇಡಲು ಗಂಡಸೊಬ್ಬ ಬರುತ್ತಿದ್ದ. ಒಳ್ಳೆಯವನೇ, ಆದರೆ ನನ್ನಿಂದ ಆಗದು. ಹಾಗಾಗಿ ನೀರನ್ನೇ ಮುಟ್ಟುತ್ತಿರಲಿಲ್ಲ. ಉರಿಮೂತ್ರ ಶುರುವಾಗಿ ಜ್ವರ ಬಂತು. ನೀರು ಕುಡಿಯದಿದ್ದರೆ ಜ್ವರ ಇಳಿಯುವುದಿಲ್ಲ ಎಂದು ಆ ದಿನ ಡಾಕ್ಟರು ಗದರಿ, ಎದುರಿಗೇ ನಿಂತು ಎರಡು ಲೋಟ ಕುಡಿಸಿ ಹೋದರು.

ಊಟವಾದ ಮೇಲೆ ತಡೆಯಲಾಗಲಿಲ್ಲ. ಕಾಲಿಗೆ ಕಟ್ಟು, ಹೊರಳುವಂತಿಲ್ಲ. ಹೊದಿಕೆಯ ಅಂಚು ಹಿಂಡುತ್ತಾ ಬಾಗಿಲು ನೋಡುತ್ತಿದ್ದೆ. ಆಗ ಫೋನು ಹಿಡಿದು ಹುಡುಗಿಯೊಬ್ಬಳು ಬಂದಳು. ಬಂಗಾರಪೇಟೆಯವಳು, ರೈಲಿನ ಹೊತ್ತಾಗುತ್ತದೆಂದು ಅವಳಿಗೂ ಆತುರ.

"ಇಲ್ಲಿ ಹೇಗೆ ನೋಡ್ಕೋತಾರೆ ಅಂತ ಕೇಳ್ಕೊಂಡು ಬರ್ತಿದ್ದೀನಿ ಅಜ್ಜಿ. ಐದಕ್ಕೆ ಎಷ್ಟು ಕೊಡ್ತೀರಾ? ಡಾಕ್ಟರಿಗೆ?"

"ಐದು."

"ಊಟಕ್ಕೆ?"

"ಐದು." ಉಂಡ ಮನೆಯಲ್ಲಿ ಉಪ್ಪು ಕಮ್ಮಿ ಎನ್ನುವುದುಂಟೇ?

"ಕರೆದ ತಕ್ಷಣ ಬರ್ತಾರಾ?"

"ಐದು."

ಪಕ್ಕದ ಮಂಚದಲ್ಲಿದ್ದವರು ಗಣಿ ಕಡೆಯ ಚಾಂಪಿಯನ್ ರೀಫ್ಸಿನ ಹೆಂಗಸು, ಮಾತಿನಲ್ಲಿ ಅರ್ಧ ತಮಿಳು. ಎದ್ದು ಕೂತರು. "ಏನ್ ಐದು? ಈಯಮ್ಮ ಯಾವತ್ತು ಬಾಯ್ಬಿಟ್ಟು ಕರೆದೈತೆ? ಅಷ್ಟೂ ಪೊಯ್, ಸುಳ್ಳು! ಗಂಡಸು ಬತ್ತಾನಂತ ನೀರೇ ಕುಡಿಯಲ್ಲ. ಬಾಟ್ಲಿ ನೀರೆಲ್ಲಾ ನಂಗೇ ಕೊಡ್ತೈತೆ, ಕುಡಿದು ದಿನಾ ಬಚ್ಚಲಿಗೆ ಓಡ್ತಾ ಇರೋಳು ನಾನು!"

ವಾರ್ಡೆಲ್ಲ ನಕ್ಕಿತು. ಹುಡುಗಿ ಮಾತ್ರ ನಗಲಿಲ್ಲ. ಫೋನನ್ನು ಮೇಲೆ ಕೆಳಗೆ ಸರಿಸಿ, "ಇದ್ರಲ್ಲಿ ಅಂಥ ಪ್ರಶ್ನೆನೇ ಇಲ್ಲ ಅಜ್ಜಿ" ಎಂದಳು.

"ಇಲ್ದಿದ್ರೆ ಓಗ್ಲಿ ತಾಯಿ. ನಂಗೀಗ ತಡ್ಕೊಳಕ್ಕಾಗಲ್ಲ. ಯಾರಾದ್ರೂ ಎಂಗಸ್ರನ್ನ ಕರಿ!"

ಅಷ್ಟು ಗಟ್ಟಿಯಾಗಿ ನಾನು ಎಲ್ಲಿಯೂ ಮಾತಾಡಿದ್ದಿಲ್ಲ. ಹುಡುಗಿ ಫೋನನ್ನು ನನ್ನ ಮಂಚದ ಮೇಲೆಯೇ ಬಿಟ್ಟು ಓಡಿದಳು. ಪಕ್ಕದ ವಾರ್ಡಿನ ಸಿಸ್ಟರನ್ನು ಕರೆತಂದಳು.

ಆಮೇಲೆ, "ಮೊದಲಿಂದ ಕೇಳ್ಲಾ ಅಜ್ಜಿ?" ಎಂದಳು.

"ಊಟಕ್ಕೆ ಮೂರು. ಸಾರು ಬರೀ ನೀರು. ಕರೆದ್ರೆ ಬರೋದು... ಎಂಗಸ್ರಾದ್ರೆ ಐದು, ಗಂಡಸಾದ್ರೆ ಸೊನ್ನೆ ಆಕ್ಕೋ."

ಅವಳು ಏನನ್ನು ಒತ್ತಿದಳೋ ತಿಳಿಯದು. ಮಾರನೆಯ ಮಧ್ಯಾಹ್ನವೂ ಆ ಗಂಡಸೇ ಬಂದ. "ಸಿಸ್ಟರನ್ನ ಕರಿಯಪ್ಪ" ಎಂದೆ. ಕರೆದ. ನೀರು ಕುಡಿದೆ, ಜ್ವರವೂ ಇಳಿಯಿತು.

ಮುಂದೆ ನಾನು ಮತ್ತೆ ಮಂಚ ಹಿಡಿದರೆ ನಿಮಗೂ "ಎಲ್ಲಾ ಚೆನ್ನಾಗೈತೆ" ಎಂದೇ ಹೇಳುತ್ತೇನೆ. ನಂಬಬೇಡಿ. ಆಗ ತೆಗೆದು ಓದಲು ಬೇಕಾಗುತ್ತದೆ, ಈ ಹಾಳೆಗಳನ್ನು ಜೋಪಾನವಾಗಿಡಿ.