ಮೇಷ್ಟರ ಅಪ್ಪನ ಮಟ್ಟು

ನನ್ನ ಪಿಟೀಲು ಮೇಷ್ಟರು ಭದ್ರಾವತಿಯವರು. ಭಾನುವಾರ ಬೆಳಿಗ್ಗೆ ರೈಲಿನಲ್ಲಿ ಶಿವಮೊಗ್ಗಕ್ಕೆ ಬಂದು, ರವೀಂದ್ರನಗರದ ನಮ್ಮ ಮನೆಯಲ್ಲಿ ಪಾಠ ಮುಗಿಸಿ ಹೊರಡುತ್ತಿದ್ದರು. ತೊಂಬತ್ತರ ದಶಕದ ಕೊನೆಯ ಮಾತು. ಮನಸ್ಸು ಬಂದ ದಿನ ಪಾಠ ಮುಗಿದ ಮೇಲೆ ಒಂದು ಪುಟ್ಟ ಮಟ್ಟು ನುಡಿಸುತ್ತಿದ್ದರು. ಅದಕ್ಕೆ ಸಾಹಿತ್ಯವಿರಲಿಲ್ಲ. ಯಾವ ರಾಗ ಎಂದು ಕೇಳಿದರೆ, “ರಾಗ ಗೀಗ ಏನಿಲ್ಲಮ್ಮ, ನಮ್ಮಪ್ಪ ಕಟ್ಟಿದ್ದು” ಎನ್ನುತ್ತಿದ್ದರು.

ಅದನ್ನು ನನಗೂ ಕಲಿಸಿದರು. ಅದರಲ್ಲಿ ಒಂದು ಕಡೆ ಮೊದಲ ಸ್ವರ ಗಿಡ್ಡ, ಮುಂದಿನದು ಉದ್ದ. ನಡೆಯುತ್ತಿದ್ದವನು ಎಡವಿ ಸಾವರಿಸಿಕೊಂಡ ಹಾಗೆ. ನನ್ನ ಕೈ ಎರಡನ್ನೂ ಸಮ ಮಾಡಿಬಿಡುತ್ತಿತ್ತು. ಮೇಷ್ಟರು ಅಷ್ಟಕ್ಕೇ ಸಿಟ್ಟಾಗುತ್ತಿದ್ದರು.

ನಮ್ಮ ಮಹಡಿಯ ಕೋಣೆಗೆ ಆ ವರ್ಷ ಒಬ್ಬ ಬಾಡಿಗೆಗೆ ಬಂದ. ಸ್ಕಾಟ್ಲೆಂಡಿನ ಹುಡುಗ, ಸಕ್ರೆಬೈಲಿನ ಆನೆಗಳ ಬಗ್ಗೆ ಏನೋ ಓದುತ್ತಿದ್ದ. ಒಂದು ಸಂಜೆ ನಾನು ಆ ಮಟ್ಟನ್ನು ಅಭ್ಯಾಸ ಮಾಡುತ್ತಿರುವಾಗ ಮೆಟ್ಟಿಲಿಳಿದು ಬಂದು ಬಾಗಿಲಲ್ಲಿ ನಿಂತ. ಇದನ್ನು ಎಲ್ಲಿ ಕಲಿತಿರಿ ಎಂದು ಇಂಗ್ಲಿಷಿನಲ್ಲಿ ಕೇಳಿದ. ಹೇಳಿದೆ. ನಕ್ಕು, ಇದು ನಮ್ಮ ಊರಿನದು ಎಂದ. ಮುಂದಿನ ಭಾಗವನ್ನು ನಾನು ನುಡಿಸುವ ಮೊದಲೇ ಬಾಯಲ್ಲಿ ಗುನುಗಿ ತೋರಿಸಿದ.

ನಮ್ಮದು ಗಾಂಧಿ ಬಜಾರಿನಲ್ಲಿ ಬಟ್ಟೆ ಅಂಗಡಿ. ಇದು ಒರಿಜಿನಲ್, ಇದು ಒರಿಜಿನಲ್ ಎನ್ನುವವರ ನಡುವೆಯೇ ಬೆಳೆದವಳು ನಾನು. ಮೊದಲು ಅನುಮಾನ ಬಂದಿದ್ದು ಹುಡುಗನ ಮೇಲೆ. ಕಂಡದ್ದೆಲ್ಲ ತಮ್ಮದೇ ಎನ್ನುವ ಜನ ಇರಬಹುದು ಎಂದುಕೊಂಡೆ. ಆದರೆ ನಾನು ನುಡಿಸದ ಭಾಗ ಅವನಿಗೆ ಹೇಗೆ ಗೊತ್ತು? ಆಮೇಲೆ ಅನುಮಾನ ಮೇಷ್ಟರ ಮೇಲೆ ತಿರುಗಿತು. ಎರಡು ಭಾನುವಾರ ಅವರ ಮುಖ ನೋಡಿ ಪಾಠ ಹೇಳಿಸಿಕೊಳ್ಳುವುದೇ ಕಷ್ಟವಾಯಿತು. ಕೊನೆಗೆ ಒಂದು ರಜಾದಿನ ಹುಡುಗನನ್ನು ಕರೆದುಕೊಂಡು ಭದ್ರಾವತಿಗೆ ಹೋದೆ.

ವಿಷಯ ಕೇಳಿ ಮೇಷ್ಟರು ಕೂಗಾಡಲಿಲ್ಲ. ಹುಡುಗನನ್ನು ಕುರ್ಚಿಯಲ್ಲಿ ಕೂರಿಸಿ, ತಾವು ಚಾಪೆಯ ಮೇಲೆ ಕೂತು, “ಅದರ ಕಥೆ ಏನಂತೆ, ಕೇಳಮ್ಮ” ಎಂದರು.

ಹುಡುಗ ಹೇಳುತ್ತಾ ಹೋದ, ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. ಕುರಿ ಸಾಕುವುದರಲ್ಲಿ ಲಾಭ ಹೆಚ್ಚೆಂದು ಅಲ್ಲಿನ ಜಮೀನ್ದಾರ ಒಕ್ಕಲುಗಳನ್ನೆಲ್ಲ ಎಬ್ಬಿಸಿದನಂತೆ. ಅವರು ಹಡಗು ಹತ್ತುವ ದಿನ ಊರಿನ ಪಿಟೀಲುಗಾರ ದಡದಲ್ಲಿ ನಿಂತು ಈ ಮಟ್ಟು ಕಟ್ಟಿ ನುಡಿಸಿದನಂತೆ. ಆದರೆ ಅಚ್ಚಾದ ಪುಸ್ತಕಗಳಲ್ಲಿ ಈ ಮಟ್ಟಿನ ಮೇಲಿರುವುದು ಜಮೀನ್ದಾರನ ಹೆಸರು, ಅಚ್ಚಿನ ಖರ್ಚು ಅವನದೇ ಆದ್ದರಿಂದ.

ಮೇಷ್ಟರು ಕಣ್ಣು ಕಿರಿದು ಮಾಡಿ ಕೇಳುತ್ತಿದ್ದರು. “ಹೆಸರು ಜಮೀನ್ದಾರಂದು. ಮತ್ತೆ ಪಿಟೀಲಿನವನೇ ಕಟ್ಟಿದ್ದು ಅಂತ ಇವನಿಗ್ ಯಾರು ಹೇಳಿದ್ರು?”

ಅಜ್ಜಿ ಹೇಳಿದ್ದು ಎಂದ ಹುಡುಗ.

“ನಂಗೆ ಅಪ್ಪ ಹೇಳಿದ್ದು” ಎಂದರು ಮೇಷ್ಟರು.

ಆಮೇಲೆ ಪಿಟೀಲು ತೆಗೆದು, ಅದರ ತುದಿಯನ್ನು ಪಾದದ ಮೇಲಿಟ್ಟುಕೊಂಡು ನುಡಿಸಿದರು. ಎಡವುವ ಆ ಜಾಗ ಬಂದಾಗ ಹುಡುಗ ಕೈಯೆತ್ತಿದ. ಈ ಗಿಡ್ಡ-ಉದ್ದದ ನಡೆ ನಮ್ಮ ಕಡೆಯ ಪಿಟೀಲಿನದೇ ಗುರುತು, ಈಗಿನವರು ಇಷ್ಟು ಚೂಪಾಗಿ ನುಡಿಸುವುದಿಲ್ಲ, ಇವರ ತಂದೆ ನಮ್ಮ ಕಡೆಯವರ ಕೈಯಿಂದಲೇ ಕೇಳಿರಬೇಕು ಎಂದ. ನಾನು ಅದನ್ನು ಕನ್ನಡದಲ್ಲಿ ಹೇಳಲು ತಡವರಿಸಿದೆ. ಮೇಷ್ಟರು ನನ್ನನ್ನೇ ನೋಡುತ್ತಿದ್ದರು. ಹೇಳಿದೆ. ಅವರು ಕಮಾನನ್ನು ಪೆಟ್ಟಿಗೆಯಲ್ಲಿಟ್ಟು, ಹುಡುಗನಿಗೆ ಕಾಫಿ ತರಲು ಒಳಗೆ ಹೇಳಿದರು.

ಹುಡುಗ ಕಾಫಿ ಕುಡಿಯುತ್ತಿದ್ದಾಗ ನನ್ನನ್ನು ಅಂಗಳಕ್ಕೆ ಕರೆದರು.

“ಅಪ್ಪ ಭದ್ರಾವತಿಗೆ ಬರೋಕ್ ಮುಂಚೆ ಕೋಲಾರದ ಗಣಿ ಕಡೆ ಇದ್ರು. ಒಬ್ಬ ಬಿಳಿ ದೊರೆ ಬಂಗಲೇಲಿ ಅಡುಗೆಯವನಿಗೆ ಸಹಾಯಕ. ಆ ದೊರೆ ಹತ್ರ ಪಿಟೀಲಿತ್ತು ಅಂತ ಹೇಳ್ತಿದ್ರು. ಅಷ್ಟೇ ಹೇಳ್ತಿದ್ರು.”

“ಮತ್ತೆ ನೀವು ಕೇಳ್ಲಿಲ್ವಾ ಸಾರ್?”

“ನಾನಿನ್ನೂ ಚಿಕ್ಕೋನು. ರೇಡಿಯೋದಲ್ಲಿ ಒಂದಿನ ಅದೇ ಮಟ್ಟು ಬಂತು, ಯಾವ್ದೋ ಹೊರದೇಶದ ಸ್ಟೇಷನ್. ಅಪ್ಪ ಊಟ ಮಾಡ್ತಿದ್ದೋರು ಎದ್ದು ಎಂಜಲ ಕೈಯಲ್ಲೇ ರೇಡಿಯೋ ಆಫ್ ಮಾಡಿದ್ರು. ನನ್ನ ಮುಖ ನೋಡ್ಲಿಲ್ಲ. ನಾನೂ ಕೇಳೋಕೆ ಹೋಗ್ಲಿಲ್ಲ.”

“ಅವನಿಗೆ ಹೇಳ್ಲಾ?”

“ಹೇಳು. ಕದ್ರು ಅನ್ಬೇಡ. ಅಡುಗೆಮನೇಲಿ ನಿಂತು ಕಲಿತ್ರು ಅನ್ನು.”

ವಾಪಸು ಬರುವ ರೈಲಿನಲ್ಲಿ ಹಾಗೆಯೇ ಹೇಳಿದೆ. ಹುಡುಗ ಆ ದೊರೆ ಯಾರೆಂದು ಕೇಳಿದ. ಅದು ಯಾರಿಗೂ ಗೊತ್ತಿರಲಿಲ್ಲ. ಅಜ್ಜಿಯ ಕಥೆಯನ್ನೂ ತಾನು ಎಂದೂ ಪರೀಕ್ಷಿಸಿ ನೋಡಿಲ್ಲ, ಪಕ್ಕದ ಊರಿನವರೂ ಆ ಪಿಟೀಲುಗಾರ ತಮ್ಮವನೆನ್ನುತ್ತಾರೆ ಎಂದು ತಾನಾಗಿಯೇ ಹೇಳಿದ. ಅಷ್ಟು ಹೊತ್ತು ಮೇಷ್ಟರ ಎದುರಿಗೆ ಯಾಕೆ ಹೇಳಲಿಲ್ಲ ಎಂದು ನನಗೆ ಮತ್ತೆ ಅನುಮಾನ.

ಮುಂದಿನ ಭಾನುವಾರ ಮೇಷ್ಟರು ಬರುತ್ತಾರೋ ಇಲ್ಲವೋ ಎಂದಿದ್ದೆ. ಬಂದರು. ಎಂದಿನಂತೆ ವರ್ಣ ಹೇಳಿಕೊಟ್ಟರು. ಎದ್ದು ಚಪ್ಪಲಿ ಹಾಕಿಕೊಳ್ಳುವಾಗ ಕೇಳಿದರು:

“ಆ ಜನ ಊರು ಬಿಟ್ಟು ಹೋಗೋವಾಗ ನುಡಿಸಿದ್ದು ಅಂದ್ನಲ್ಲ. ಅಪ್ಪ ಅದನ್ನ ಇಲ್ಲಿ ಎಷ್ಟೋ ಮದುವೇಲಿ ಧಾರೆ ಹೊತ್ತಿಗೆ ನುಡಿಸಿದಾರೆ. ಅವರ ಕಡೆ ಅದು ಸಾವಿನ ಮನೇದಾ, ಏನು ಅಂತ ಕೇಳ್ತೀಯಾ?”

ಆಗಲೇ ಮಹಡಿ ಹತ್ತಿ ಕೇಳಿ ಬಂದೆ. ತಮ್ಮಲ್ಲೂ ಮದುವೆಗಳಲ್ಲಿ ನುಡಿಸುತ್ತಾರೆ ಎಂದು ಹುಡುಗ ಹೇಳಿದ್ದ. ಉತ್ತರ ಕೊಡುವ ಮೊದಲು ಒಂದು ಕ್ಷಣ ನನ್ನ ಮುಖ ನೋಡಿದ್ದ. ಅದನ್ನು ಮೇಷ್ಟರಿಗೆ ಹೇಳಲಿಲ್ಲ, ಉತ್ತರವನ್ನಷ್ಟೇ ಹೇಳಿದೆ.

“ನಿಜ ಹೇಳಿದ್ನಾ, ನನ್ನ ಸಮಾಧಾನಕ್ಕೆ ಹೇಳಿದ್ನಾ?” ಎಂದರು.

“ಗೊತ್ತಾಗ್ಲಿಲ್ಲ ಸಾರ್” ಎಂದೆ.

ಅವರು ತಲೆಯಾಡಿಸಿ, ರೈಲಿಗೆ ಹೊತ್ತಾಯಿತೆಂದು ಹೊರಟರು.